ನಪುಂಸಕಲಿಂಗ, ಏಕವಚನ

ಈಗಷ್ಟೇ ಕಾಲೇಜಿನ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ನಮ್ಮ ಮನೆಗೆ ಬಂದರೆ ನನ್ನ ಹೆಂಡತಿ ಚಹಾಕ್ಕಿಂತ ಮೊದಲು ಎಚ್ಚರಿಕೆ ಕೊಡುತ್ತಾಳೆ: "ಇವರ ಸರ್ವೀಸಿನ ಸುದ್ದಿ ಮಾತ್ರ ತಗೀಬ್ಯಾಡ್ರಿ. ನಿಮ್ಮ ಬಸ್ ತಪ್ಪತಾವ." ಅದಕ್ಕೇ ಬರೆದು ಕೊಡುತ್ತಿದ್ದೇನೆ, ಬಸ್ಸಿನಲ್ಲೇ ಕುಳಿತು ಓದಿಕೊಳ್ಳಿ. ನಾನು ಯಾವಾಗ ರೀಡರ್ ಆದೆ, ಯಾವಾಗ ವಿಭಾಗದ ಮುಖ್ಯಸ್ಥನಾದೆ ಎಂಬುದು ಇದರಲ್ಲಿ ಇಲ್ಲ. ಅವು ಚಾಳೀಸಿನ ಕನ್ನಡಕದ ಹಾಗೆ, ವಯಸ್ಸಾದಂತೆ ತಾವಾಗಿ ಬಂದವು.

ನಾನು ಬಬಲೇಶ್ವರದವನು. ವಿಜಯಪುರದ ಒಂದು ಕಾಲೇಜಿನಲ್ಲಿ ಆಯುಷ್ಯವೆಲ್ಲ ಕನ್ನಡ ವ್ಯಾಕರಣ ಕಲಿಸಿದೆ. ಸಂಧಿ, ಸಮಾಸ, ಲಿಂಗ, ವಚನ, ವಿಭಕ್ತಿ. ಯಾರಾದರೂ ತಪ್ಪು ವಿಭಕ್ತಿ ಹಚ್ಚಿದರೆ ನನಗೆ ಅನ್ನದಲ್ಲಿ ಹರಳು ಸಿಕ್ಕಂತಾಗುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಂಥವನಿಗೆ ನಿವೃತ್ತಿ ಹತ್ತಿರ ಬಂದಾಗ ಒಂದು ಹೊಸ ಪೇಪರ್ ಗಂಟುಬಿತ್ತು. ಅದರ ಹೆಸರು ‘ಕಪ್ಪು ಕ್ವಿಯರ್ ಸ್ತ್ರೀವಾದ: ಜನಾಂಗ, ಲಿಂಗ, ಲೈಂಗಿಕತೆ’.

ಈ ಪೇಪರನ್ನು ಎಂ.ಎ. ಪಠ್ಯಕ್ರಮಕ್ಕೆ ಸೇರಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಸಭೆಯಲ್ಲಿದ್ದ ಪ್ರತಿಯೊಬ್ಬರೂ ಇನ್ನೊಬ್ಬರು ಸೇರಿಸಿದ್ದಾರೆ ಅಂದುಕೊಂಡಿದ್ದರು. ಉಪ್ಪಿಟ್ಟು ಬರುವ ಹೊತ್ತಿಗೆ ಅದು ಪಾಸಾಗಿಬಿಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಮ್ಮ ಪ್ರಾಚಾರ್ಯರು ನನ್ನನ್ನು ಕರೆಸಿದರು.

"ಸರ, ಈ ಪೇಪರ್ ನೀವ ತಗೋಬೇಕು."

"ನಾನ್ಯಾಕ್ರಿ? ಇದು ಅಮೆರಿಕದ ಕಪ್ಪು ಹೆಣ್ಣುಮಕ್ಕಳು ಬರದದ್ದು. ಇಂಗ್ಲಿಷಿನವರಿಗೆ ಕೊಡ್ರಿ."

"ಹೆಸರ ನೋಡ್ರಿ. ನಡುವ ‘ಲಿಂಗ’ ಅಂತ ಐತಿ. ಲಿಂಗ, ವಚನ, ವಿಭಕ್ತಿ ನಿಮ್ಮ ಸಬ್ಜೆಕ್ಟ್ ಹೌದಲ್ಲೋ? ವಚನಾನೂ ನಿಮಗ ಕೊಡೂಣು ಅಂದ್ರ, ಅದನ್ನ ಶರಣ ಸಾಹಿತ್ಯದವರು ಒಯ್ದಾರ."

ಇಂಥ ತರ್ಕದ ಎದುರು ವಾದ ಮಾಡಬೇಡಿ. ಹೊಸಬರಿಗೆ ನನ್ನ ಮೊದಲನೆಯ ಬುದ್ಧಿಮಾತು ಇದೇ. ನಿಮ್ಮ ವಾರದ ತಾಸು ತುಂಬಿಲ್ಲದಿದ್ದರೆ ನಿಮಗೆ ಈಜು ಕಲಿಸಲೂ ಹೇಳುತ್ತಾರೆ, ಕಾಲೇಜಿನಲ್ಲಿ ಬಾವಿ ಇರಬೇಕೆಂದಿಲ್ಲ.

ಟೈಪಿಸ್ಟ್ ಮಕ್ಬೂಲ್ ಸಾಹೇಬರು ಒಳ್ಳೆಯವರು, ಆದರೆ ಅವರ ಕೈ ಪರಿಚಯದ ಶಬ್ದದ ಕಡೆಗೇ ಓಡುತ್ತಿತ್ತು. ವೇಳಾಪಟ್ಟಿಯಲ್ಲಿ ‘ಬ್ಲ್ಯಾಕ್ ಕ್ವಿಯರ್’ ಇರಬೇಕಾದಲ್ಲಿ ‘ಬ್ಯಾಕ್ ಕ್ಲಿಯರ್’ ಎಂದು ಹೊಡೆದರು. ನಪಾಸಾಗಿ ಉಳಿದ ವಿಷಯಕ್ಕೆ ನಮ್ಮ ಹುಡುಗರು ‘ಬ್ಯಾಕ್’ ಅನ್ನುತ್ತಾರೆ. ಮೊದಲ ದಿನ ನನ್ನ ತರಗತಿಗೆ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯಲ್ಲೂ ಹುಡುಗರು ಕುಳಿತಿದ್ದರು. ನನ್ನ ಕೀರ್ತಿ ಇಷ್ಟು ಹಬ್ಬಿದೆಯೇ ಎಂದು ಎದೆ ಉಬ್ಬಿತು. ಗುಲಾಮಗಿರಿ, ಹತ್ತಿಯ ಹೊಲ, ಬಿಳಿಯರ ಮನೆಯಲ್ಲಿ ದುಡಿದವರು ಎಂದು ಒಂದು ತಾಸು ಬೆವರು ಸುರಿಸಿ ಹೇಳಿದೆ. ಎಲ್ಲರೂ ಬರೆದುಕೊಂಡರು. ಕೊನೆಗೆ ಒಬ್ಬ ಎದ್ದು ಕೇಳಿದ, "ಸರ, ಇಷ್ಟ ಓದಿದ್ರ ಅಕೌಂಟೆನ್ಸಿ ಕ್ಲಿಯರ್ ಆಗತೈತ್ರಿ?"

ಮರುದಿನ ಬೆಂಚುಗಳು ಖಾಲಿ. ಉಳಿದವರಲ್ಲಿ ಬಿಜ್ಜರಗಿಯ ಕರೆವ್ವ ಒಬ್ಬಳೇ ಮುಂದಿನ ಬೆಂಚಿಗೆ ಬಂದು ಕುಳಿತಿತು. ‘ಒಬ್ಬಳೇ’ ಅಂದವನು ‘ಕುಳಿತಿತು’ ಅಂದದ್ದು ಯಾಕೆ ಎಂದು ಪ್ರೂಫ್ ನೋಡುವವರು ಪೆನ್ನು ಎತ್ತಬಾರದು. ‘ಒಬ್ಬಳೇ’ ಎಂಬುದು ನನ್ನ ಹಳೆಯ ಚಾಳಿ. ‘ಕುಳಿತಿತು’ ಎಂಬುದೇ ಸರಿ. ಯಾಕೆಂದು ಈಗ ಹೇಳುತ್ತೇನೆ.

ಅದಕ್ಕೂ ಮೊದಲು ಬ್ಯೂಟಿಪಾರ್ಲರಿನ ಪ್ರಸಂಗ. ಕಪ್ಪು ಸ್ತ್ರೀವಾದದ ಮೇಲೆ ಒಂದು ವಿಶೇಷ ಉಪನ್ಯಾಸ ಇಟ್ಟುಕೊಂಡೆವು. ಕಾಲೇಜು ಚಹಾ ಕೊಡುವುದಿಲ್ಲ ಅಂದಾಗ ಪ್ರಾಚಾರ್ಯರು ಎಲ್ಲಿಂದಲೋ ಒಬ್ಬ ಪ್ರಾಯೋಜಕರನ್ನು ಹಿಡಿದು ತಂದರು. ಬ್ಯಾನರ್ ಏರಿತು. ಮೇಲೆ ‘ಕಪ್ಪು ಸ್ತ್ರೀವಾದ: ಒಂದು ಅವಲೋಕನ’, ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಒಂದೇ ತಾಸಿನಲ್ಲಿ ಬೆಳ್ಳಗಿನ ಹೊಳಪು’. ಬಂದವರಿಗೆಲ್ಲ ರಿಯಾಯಿತಿ ಕೂಪನ್. ಪಾರ್ಲರಿನ ಒಡತಿ ಭಾಷಣ ಮಾಡುವಾಗ ಕರೆವ್ವ ಎದ್ದು ನಿಂತಿತು.

"ನನಗೂ ಬೆಳ್ಳಗ ಮಾಡ್ತೀರೇನ್ರಿ?"

"ಮಾಡ್ತೀವವ್ವಾ. ನಾಕ ಸಲ ಬರಬೇಕಾಗತೈತಿ."

"ನನ್ನ ಹೆಸರ ಕರೆವ್ವ ಅಂತ. ಹೆಸರೂ ತೊಳೀತೀರೇನ್ರಿ?"

ಆಕೆ ನಗಲಿಲ್ಲ, ಬಹಳ ಕಾಳಜಿಯಿಂದ ಉತ್ತರಿಸಿದಳು: "ಹೆಸರಿಗೆ ಅಫಿಡವಿಟ್ ಬೇಕವ್ವಾ. ಅದು ನಮ್ಮಲ್ಲಿ ಆಗಂಗಿಲ್ಲ."

ಇನ್ನು ಕಲಿಸುವ ಪದ್ಧತಿಯ ವಿಷಯ. ಮೊದಲೆಲ್ಲ ನಾನು ನೋಟ್ಸ್ ಹೇಳಿ ಬರೆಸುತ್ತಿದ್ದೆ. ಈ ಪೇಪರಿಗೆ ನನ್ನಲ್ಲಿ ನೋಟ್ಸೇ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಲೇಖನ ಇಟ್ಟುಕೊಂಡು, ಪದಕೋಶ ಇಟ್ಟುಕೊಂಡು, ಒಂದೊಂದೇ ವಾಕ್ಯವನ್ನು ಎಲ್ಲರೂ ಕೂಡಿ ನಮ್ಮ ಮಾತಿಗೆ ತರುತ್ತಿದ್ದೆವು. ಆ ಬರಹಗಾರ್ತಿಯರು ಹೇಳುವುದು ಕಠಿಣವೇನಲ್ಲ. ಒಬ್ಬರೇ ಮನುಷ್ಯರು ಕಪ್ಪು ಮೈಯವರೂ ಹೌದು, ಹೆಣ್ಣೂ ಹೌದು, ಹೆಣ್ಣನ್ನೇ ಪ್ರೀತಿಸುವವರೂ ಹೌದು. ಇಲ್ಲವೇ ಗಂಡು ಹೆಣ್ಣು ಎರಡೂ ತಾವಲ್ಲ ಎನ್ನುವವರು. ಅವರ ಮೇಲೆ ಬೀಳುವ ಏಟು ಜನಾಂಗದ್ದೊಂದು, ಲಿಂಗದ್ದೊಂದು ಎಂದು ಬೇರೆಬೇರೆಯಾಗಿ ಬೀಳುವುದಿಲ್ಲ, ಕೂಡಿಯೇ ಬೀಳುತ್ತದೆ. ಹಾಗಾದರೆ ‘ಹೆಂಗಸು’ ಎಂಬ ಮಾತಿನೊಳಗೆ ಯಾರ್ಯಾರು ಬಂದರು, ಯಾರನ್ನು ಬಾಗಿಲಲ್ಲೇ ನಿಲ್ಲಿಸಿದರು ಎಂಬುದು ಅವರ ಪ್ರಶ್ನೆ.

ತೊಡಕು ಬಂದದ್ದು ಸರ್ವನಾಮದಲ್ಲಿ. ಅಲ್ಲಿಯ ಕೆಲವರು ಅವನೂ ಅಲ್ಲ, ಅವಳೂ ಅಲ್ಲ. ಇಂಗ್ಲಿಷಿನಲ್ಲಿ ಬಹುವಚನ ಬಳಸಿ ಪಾರಾಗುತ್ತಾರೆ. ನಾನು ಅದನ್ನು ‘ಅವರು’ ಮಾಡಿದೆ. ಕೂಡಲೇ ಎಲ್ಲರೂ ನಮ್ಮ ಸೋದರಮಾವಂದಿರಾಗಿಬಿಟ್ಟರು. ‘ಅವರು ತಮ್ಮ ಗೆಳತಿಯನ್ನು ಅಪ್ಪಿಕೊಂಡು ಅತ್ತರು’ ಅಂದರೆ ತರಗತಿಗೆ ಕಾಣಿಸಿದ್ದು ಪಟಕಾ ಸುತ್ತಿದ ಹಿರಿಯರೊಬ್ಬರು.

ಆಗ ಕರೆವ್ವ ಕೇಳಿತು, "ಸರ, ‘ಅದು’ ಅಂದ್ರ ಏನ ತಪ್ಪು?"

"ಅದು ನಪುಂಸಕಲಿಂಗ. ಮನುಷ್ಯರಿಗೆ ಬರಂಗಿಲ್ಲ."

"ನಮ್ಮ ಮನ್ಯಾಗ ನನಗ ‘ಅದು’ ಅಂತಾರಲ್ರಿ. ಅದು ಸಾಲಿಗೆ ಹೋಗೇತಿ, ಅದು ಉಂಡೈತಿ ಅಂತ. ನಿಮ್ಮ ಮನ್ಯಾಗ ಏನಂತೀರಿ?"

ಅವತ್ತು ಮುಂಜಾನೆಯೇ ನನ್ನ ಮಗಳ ಬಗ್ಗೆ ಹೆಂಡತಿಗೆ ‘ಅದು ಫೋನ್ ಮಾಡೇತಿ’ ಅಂದು ಬಂದಿದ್ದೆ. ನಮ್ಮ ಕಡೆ ಮನೆಯ ಹೆಣ್ಣುಮಗು ‘ಅದು’. ಅದಕ್ಕೆ ಲಗ್ನವಾದ ಮೇಲೆ, ಕೊಟ್ಟ ಊರಿನವರ ಬಾಯಲ್ಲಿ ‘ಆಕಿ’. ಇದನ್ನು ಆಯುಷ್ಯವೆಲ್ಲ ಮನೆಯಲ್ಲಿ ಆಡಿದ್ದೆ, ಕಾಲೇಜಿನಲ್ಲಿ ಬೇರೆಯವರ ಬಾಯಿಂದ ಬಂದಾಗ ಕೆಂಪು ಶಾಯಿಯಲ್ಲಿ ತಿದ್ದಿದ್ದೆ.

ಕರೆವ್ವ ಇದನ್ನೇ ಕಿರುಪ್ರಬಂಧದ ವಿಷಯ ಮಾಡಿಕೊಂಡಿತು. ನಾನು ಮಾರ್ಗದರ್ಶಕ. ಒಂದು ಮಧ್ಯಾಹ್ನ ವಿಭಾಗದಲ್ಲಿ ನಾವಿಬ್ಬರೇ ಇದ್ದಾಗ ಹೇಳಿತು: "ಸರ, ಇದು ಬರೇ ಪ್ರಬಂಧ ಅಲ್ರಿ. ನನಗ ‘ಆಕಿ’ ಆಗೂದು ಆಗಂಗಿಲ್ಲ. ಗಂಡಸ ಆಗೂ ಆಶಾನೂ ಇಲ್ಲ, ಗಂಡ ಬೇಕು ಅನ್ನೂ ಆಶಾನೂ ಇಲ್ಲ. ಹೆಂಗಸ ಅಂದ್ರ ಯಾರದೋ ಅಂಗಿ ಹಾಕ್ಕೊಂಡಂಗ ಆಗತೈತಿ. ನಾ ‘ಅದು’ ಆಗೇ ಉಳೀಬೇಕ್ರಿ."

ಉತ್ತರ ತಿಳಿಯದಾಗ ಎಲ್ಲ ಮಾಸ್ತರರೂ ಮಾಡುವುದನ್ನೇ ನಾನೂ ಮಾಡಿದೆ, ಚಹಾ ತರಿಸಿದೆ. ಚಹಾ ಮುಗಿದ ಮೇಲೆ ಕೇಳಿದೆ, "ಮನ್ಯಾಗ ಹೇಳೀಯೇನು?"

"ಲಗ್ನ ಒಲ್ಲೆ ಅಂತ ಅಷ್ಟ ಹೇಳೇನಿ. ಸಾರವಾಡದಿಂದ ಒಂದು ವರ ಬಂದೈತಿ. ಅಪ್ಪ ಒಂದ ಮಾತ ಹೇಳ್ಯಾನ. ಈ ವೈವಾ ಪಾಸಾದ್ರ ಪಿಎಚ್‌ಡಿ ಓದಲಿ, ಫೇಲಾದ್ರ ಸಾರವಾಡಕ್ಕ ಕೊಡತೇನಿ ಅಂತ."

ನನಗೆ ದಿಗಿಲಾಯಿತು. ವ್ಯಾಕರಣದ ಸೂತ್ರದಲ್ಲಿ ಒಬ್ಬರ ಬಾಳು ಸಿಕ್ಕಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾಸಾದರೆ ನಪುಂಸಕಲಿಂಗ, ಫೇಲಾದರೆ ಸ್ತ್ರೀಲಿಂಗ.

ಕ್ಷೇತ್ರಕಾರ್ಯಕ್ಕೆಂದು ಬಿಜ್ಜರಗಿಗೆ ಹೊರಟೆವು. ತಿಕೋಟಾದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಅವನು ಕರೆವ್ವನ ಕತ್ತರಿಸಿದ ಕೂದಲು ನೋಡಿದ, ಪ್ಯಾಂಟು ನೋಡಿದ, ಕಿವಿಯ ಬೆಂಡೋಲೆ ನೋಡಿದ.

"ಪುಕ್ಕಟೆ ಹರೀಲೇನು, ರೊಕ್ಕದ್ದು ಹರೀಲೇನು?"

"ಹೆಂಗಸೂ ಅಲ್ರಿ, ಗಂಡಸೂ ಅಲ್ಲ," ಅಂದಿತು ಕರೆವ್ವ.

ಅವನಿಗೆ ಸಿಟ್ಟು ಬರಲಿಲ್ಲ. ಮಷೀನನ್ನು ನಮ್ಮ ಮುಂದೆ ಹಿಡಿದು ತೋರಿಸಿದ. "ನೋಡವ್ವಾ, ಇದರಾಗ ಹೆಂಗಸರದೈತಿ, ಗಂಡಸರದೈತಿ, ಅರ್ಧ ಟಿಕೆಟೈತಿ, ಲಗೇಜೈತಿ. ಯಾವ ಬಟನ್ ಒತ್ತಲಿ?"

ಹಿಂದಿನ ಸೀಟಿನ ಅಜ್ಜಿಯೊಬ್ಬಳು "ಲಗೇಜ್ ಒತ್ತಪಾ, ಕೂಸು ಸಣ್ಣಕೈತಿ" ಅಂದಳು. ಬಸ್ಸೆಲ್ಲ ನಕ್ಕಿತು, ಕರೆವ್ವನೂ ನಕ್ಕು ಪೂರಾ ಟಿಕೆಟಿಗೆ ರೊಕ್ಕ ಕೊಟ್ಟಿತು. ಪುಕ್ಕಟೆ ಬಸ್ಸಿನಲ್ಲಿ ತತ್ವಕ್ಕಾಗಿ ರೊಕ್ಕ ಕೊಟ್ಟವರನ್ನು ನಾನು ಅದೊಂದೇ ಸಲ ನೋಡಿದ್ದು.

ಬಿಜ್ಜರಗಿಯ ಮನೆಯಲ್ಲಿ ಕರೆವ್ವ ನೀರು ತರಲು ಒಳಗೆ ಹೋಯಿತು. ಅದರ ಅವ್ವ ಕಟ್ಟೆಯ ಮೇಲೆ ಕುಳಿತು ನನ್ನೊಡನೆ ಮಾತಿಗಿಳಿದಳು. ನಾನು ಸಂಶೋಧನೆ ನಡೆದಿದೆ ಎಂಬ ಗಾಂಭೀರ್ಯದಲ್ಲಿ ಕೇಳುತ್ತಿದ್ದೆ.

"ಅದು ನಿನ್ನಿಯಿಂದ ಏನೂ ತಿಂದಿಲ್ರಿ ಸರ. ಒಂದ ಸವನ ಒದರಾಕತ್ತೈತಿ."

"ವೈವಾದ ಚಿಂತಿ ಇರಬೇಕವ್ವಾ," ಅಂದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಏನೋ ಯಪ್ಪಾ. ಮೊದಲ ಹಿಂಗ ಇದ್ದಿಲ್ಲ. ಕೊಡಬೇಕಂತ ಮಾಡೇವಿ."

ಸಾರವಾಡದ ವರನ ಮಾತು ಬಂತೆಂದುಕೊಂಡೆ. "ಇಷ್ಟ ಗಡಬಡಿ ಮಾಡಬ್ಯಾಡ್ರಿ. ಯಾವಾಗ ಕೊಡೂದ್ರಿ?"

"ಬಕ್ರೀದ್ ಮುಂದ್ರಿ. ಆವಾಗ ರೇಟ್ ಚಲೋ ಬರತೈತಿ."

ಅಷ್ಟರಲ್ಲಿ ಮನೆಯ ಹಿಂದಿನಿಂದ ಆಡು ಒದರಿದ ಸದ್ದು ಕೇಳಿಸಿತು. ಒಳಗಿನಿಂದ ಕರೆವ್ವ ನೀರಿನ ತಂಬಿಗೆ ಹಿಡಿದು ಬಂದು, ನನ್ನ ಮುಖ ನೋಡಿ ಹೇಳಿತು: "ತಿಳೀತೇನ್ರಿ ಸರ? ಆಡೂ ‘ಅದು’, ನಾನೂ ‘ಅದು’. ಅದನ್ನೂ ‘ಕೊಡತಾರ’, ನನ್ನೂ ‘ಕೊಡತಾರ’. ಇದ ನನ್ನ ಮೂರನೇ ಅಧ್ಯಾಯ."

ಪ್ರಬಂಧ ತಯಾರಾಯಿತು. ಅಚ್ಚುಕಟ್ಟು ಬರಹ, ಆದರೆ ಓದಿದವರ ತಲೆ ತಿರುಗುತ್ತಿತ್ತು. ನಮ್ಮಲ್ಲಿ ಬರೆಯುವವರು ತಮ್ಮನ್ನು ಸಂಶೋಧಕ ಅಥವಾ ಸಂಶೋಧಕಿ ಎಂದು ಕರೆದುಕೊಳ್ಳುತ್ತಾರೆ. ಕರೆವ್ವ ‘ಸಂಶೋಧಕವು’ ಎಂದು ಬರೆದಿತ್ತು. ‘ಪ್ರಸ್ತುತ ಸಂಶೋಧಕವು ತಿಕೋಟಾದಲ್ಲಿ ಬಸ್ಸು ಬದಲಿಸಿತು.’ ‘ಸಂಶೋಧಕವು ಈ ವಾದವನ್ನು ಒಪ್ಪುವುದಿಲ್ಲ.’ ಪ್ರಾಚಾರ್ಯರು ಎರಡು ಪುಟ ಓದಿ ಗಾಬರಿಯಾಗಿ ನನ್ನನ್ನು ಕೇಳಿದರು, "ಇದನ್ನ ಕಂಪ್ಯೂಟರ್ ಬರದೈತೇನ್ರಿ?"

ವೈವಾದ ದಿನ ಬಂತು. ಬಾಹ್ಯ ಪರೀಕ್ಷಕರು ಮೈಸೂರು ಕಡೆಯಿಂದ ಬಂದ ಹಿರಿಯ ಮೇಡಂ. ಹೆಣ್ಣುಮಕ್ಕಳ ಪರವಾಗಿ ಬರೆದು, ಬಡಿದಾಡಿ ಹಣ್ಣಾದವರು. ಅವರ ಕನ್ನಡ ಅಚ್ಚಿಗೆ ಹೋಗುವಷ್ಟು ಶುದ್ಧ. ಹೊರಗಿನ ಪಡಸಾಲೆಯ ಬೆಂಚಿನಲ್ಲಿ ಕರೆವ್ವನ ಅಪ್ಪ ಕುಳಿತಿದ್ದ. ಅವನ ಪಕ್ಕದಲ್ಲಿ ಸಾರವಾಡದ ವರನ ಕಡೆಯ ಹಿರಿಯರು, ಫೇಲಾದರೆ ಅಲ್ಲೇ ಮಾತು ಮುಗಿಸೋಣವೆಂದು ಪೇಢೆಯ ಡಬ್ಬಿ ಹಿಡಿದುಕೊಂಡೇ ಬಂದಿದ್ದರು.

ಮೇಡಂ ಪ್ರಬಂಧವನ್ನು ಮೇಜಿನ ಮೇಲಿಟ್ಟು ಹೇಳಿದರು: "ವಿಷಯ ಚೆನ್ನಾಗಿದೆ. ಆದರೆ ಈ ‘ಅದು’ ಎಲ್ಲವನ್ನೂ ತೆಗೆದು ‘ಅವಳು’ ಮಾಡಬೇಕು. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ. ‘ಅದು’ ಎಂಬುದು ದನಕ್ಕೆ, ಕಲ್ಲಿಗೆ, ಕುರ್ಚಿಗೆ. ಹೆಣ್ಣು ಮನುಷ್ಯಳು ಎಂದು ಒಪ್ಪಿಸುವುದಕ್ಕೆ ನಾವು ಆಯುಷ್ಯ ಸವೆಸಿದ್ದೇವೆ. ನೀನು ಅವಳನ್ನು ಮತ್ತೆ ಕೊಟ್ಟಿಗೆಗೆ ಕಟ್ಟುತ್ತೀಯಾ?"

ಮಾತು ಸುಳ್ಳಲ್ಲ. ನಾನೇ ಹೌದೆಂದು ತಲೆಯಾಡಿಸಲು ಹೋಗಿ, ಕರೆವ್ವ ಕಣ್ಣು ಬಿಟ್ಟದ್ದು ನೋಡಿ ನಿಲ್ಲಿಸಿದೆ.

"ಕೊಟ್ಟಿಗಿಗೆ ನಾ ಕಟ್ಟಿಲ್ರಿ ಮೇಡಂ, ಮೊದಲ ಕಟ್ಟ್ಯಾರ," ಅಂದಿತು ಕರೆವ್ವ. "ಅಮೆರಿಕಕ್ಕ ಹಡಗಿನ್ಯಾಗ ತುಂಬಿ ಒಯ್ದ ಗುಲಾಮರಿಗೆ ಹೆಣ್ಣು ಗಂಡು ಅನ್ನೂ ಮರ್ಯಾದಿ ಇದ್ದಿಲ್ಲ, ಬರೇ ಸರಕು. ಹೆಂಗಸು ಅನ್ನೂ ಮಾತು ದೊಡ್ಡ ಮನಿ ಒಳಗ ಕುಂತ ಬಿಳಿಯಾಕಿಗೆ ಅಷ್ಟ, ಹೊಲದಾಗ ದುಡಿಯಾಕಿಗೆ ಇಲ್ಲ. ಅವರ ಮೊಮ್ಮಕ್ಕಳು ಓದಿ, ಬರದು, ನಮ್ಮನ್ನೂ ಒಳಗ ಕರೀರಿ ಅಂತ ಅಷ್ಟ ಕೇಳಲಿಲ್ರಿ. ಒಳಗ ಹ್ವಾದ್ರ ಅಲ್ಲಿ ಗಂಡಿಂದೊಂದು ಹೆಣ್ಣಿಂದೊಂದು ಎರಡ ಖೋಲಿ. ಎರಡಕ್ಕೂ ಹೊಂದದೋರು ನಮ್ಮಾಗ ಅದಾರ, ಹೊರಗ ನಿಂತ ಜಾಗಾನ ಮನಿ ಮಾಡ್ಕೋತೀವಿ ಅಂದ್ರು. ನಾನೂ ಅಷ್ಟ ಹೇಳೂದು."

"ಹೆಣ್ಣು ಅಲ್ಲದಿದ್ದರೆ ನೀನು ಯಾರು?"

"ನಾನು ನಾನ ರಿ. ನಮ್ಮ ಭಾಷಾದಾಗ ‘ನಾನು’ಕ್ಕ ಲಿಂಗ ಇಲ್ಲ, ‘ನೀನು’ಕ್ಕೂ ಇಲ್ಲ. ಹಿಂಗ ಮುಂದ ಕುಂತು ಮಾತಾಡೂತನಕ ನಿಮಗ ನನ್ನ ಲಿಂಗ ಬೇಕಾಗಿಲ್ರಿ. ನಾ ಎದ್ದು ಹೊರಗ ಹ್ವಾದ ಮ್ಯಾಲ, ನನ್ನ ಹಿಂದ ಮಾತಾಡೂಮುಂದ ಬೇಕಾಗತೈತಿ."

ಆಯುಷ್ಯವೆಲ್ಲ ಸರ್ವನಾಮ ಕಲಿಸಿದ ನನಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಮೇಡಂಗೆ ಮಾತ್ರ ಸಿಟ್ಟು ಏರಿತು. ಕನ್ನಡಕ ಕಿತ್ತು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ, ಕೈ ಬೀಸಿ ಅಂದರು:

"ಏನ್ರೀ ಸರ, ಎಷ್ಟ ಮಾತಾಡತೈತ್ರಿ ಇದು!"

ಮೇಡಂ ತಾವೇ ಆಡಿದ್ದನ್ನು ತಾವೇ ಕೇಳಿಸಿಕೊಂಡರು. ಕರೆವ್ವ ನಗಲಿಲ್ಲ, ತಲೆ ತಗ್ಗಿಸಿಕೊಂಡು ಕುಳಿತಿತು. ಕೊನೆಗೆ ಪ್ರಾಚಾರ್ಯರೇ ಮೆಲ್ಲಗೆ ಕೇಳಿದರು, "ಮೇಡಂ, ಮೂಲ ಊರ ಯಾವುದ್ರಿ?"

"ನಿಡೋಣಿ."

"ಯಪ್ಪಾ, ಇಲ್ಲೇ ಬಬಲೇಶ್ವರದ ಬಾಜೂನ. ಮೊದಲ ಹೇಳಿದ್ರ ಮಧ್ಯಾಹ್ನಕ್ಕ ರೊಟ್ಟಿ ಮಾಡಸ್ತಿದ್ವಿ, ಸುಮ್ನ ಇಡ್ಲಿ ತರಿಸೇವಿ."

ಮೇಡಂ ಅವರ ಮಾತಿಗೆ ಲಕ್ಷ್ಯ ಕೊಡಲಿಲ್ಲ. ನಮ್ಮಲ್ಲಿ ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಮ್ಮವ್ವ ಹೋಗೂಮುಂದ ನಾ ರೈಲಿನ್ಯಾಗಿದ್ದೆ. ‘ಅದು ಬಂತೇನು, ಅದು ಬಂತೇನು’ ಅಂತ ಕೇಳಿಕೋತನ ಹ್ವಾದ್ಲಂತ. ಆಮ್ಯಾಲ ನನಗ ಯಾರೂ ‘ಅದು’ ಅಂದಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಅದನ್ನು ಮುಚ್ಚಿಡುವುದೇನಿದೆ.

ಆದರೆ ಹಣ್ಣಾದ ಪರೀಕ್ಷಕರು ಅಳುತ್ತಲೇ ಮಾರ್ಕ್ಸ್ ಕೊಡುವವರಲ್ಲ. ಕನ್ನಡಕ ಮತ್ತೆ ಏರಿಸಿದರು. "ನಮ್ಮವ್ವನ ಸಲುವಾಗಿ ನಿನ್ನ ಪಾಸ್ ಮಾಡಂಗಿಲ್ಲ. ಇದಕ್ಕ ಉತ್ತರ ಹೇಳು. ಅದ ಬಾಯಿಲೆ ಆಡು ಮಾರತಾರ, ಅದ ಬಾಯಿಲೆ ನಿನ್ನ ಕರೀತಾರ. ಅದು ಪ್ರೀತಿ ಅಂತ ಹೆಂಗ ನಂಬತಿ?"

"ನಂಬಂಗಿಲ್ರಿ," ಅಂದಿತು ಕರೆವ್ವ. "ಪ್ರೀತೀನೂ ಐತಿ, ಮಾರಾಟಾನೂ ಐತಿ. ಎರಡೂ ಒಂದ ಮಾತಿನ್ಯಾಗ ಅದಾವ. ಅದಕ್ಕ ಆ ಮಾತ ಅವರ ಕೈಯಾಗ ಬಿಡಬಾರದು, ನಾನ ಇಸ್ಕೋಬೇಕು ಅಂತ ಬರದೇನಿ."

ಮೇಡಂ ಪೆನ್ನು ತೆಗೆದರು. ಸಹಿ ಹಾಕುವ ಮೊದಲು, ನಾನು ನೋಡದೆ ಬಿಟ್ಟಿದ್ದ ಒಂದು ವಿಭಕ್ತಿ ದೋಷವನ್ನು ತಿದ್ದಿ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಫಲಿತಾಂಶ ಹೇಳುವುದು ಪ್ರಾಚಾರ್ಯರ ಕೆಲಸ, ಆದರೆ ಮೇಡಂ ತಾವೇ ಎದ್ದು ಬಾಗಿಲು ತೆರೆದರು. ಕರೆವ್ವ ನನ್ನ ಹಿಂದೆ ನಿಂತು ನನ್ನ ತೋಳು ಗಟ್ಟಿಯಾಗಿ ಹಿಡಿದಿತ್ತು. ಪಡಸಾಲೆಯಲ್ಲಿದ್ದವರೆಲ್ಲ ಎದ್ದು ನಿಂತರು.

"ಅದು ಪಾಸಾಗೇತ್ರಿ," ಅಂದರು ಮೇಡಂ.

ಸಾರವಾಡದ ಹಿರಿಯರಿಗೆ ಗಲಿಬಿಲಿಯಾಯಿತು. ಮೈಸೂರಿನಿಂದ ಬಂದ ದೊಡ್ಡ ಮೇಡಂ ಬಾಯಿಂದ ಇಂಥ ಮಾತು ಅವರು ನಿರೀಕ್ಷಿಸಿರಲಿಲ್ಲ. ಡಬ್ಬಿ ಹಿಡಿದುಕೊಂಡೇ ಅತ್ತಿತ್ತ ನೋಡಿ ಕೇಳಿದರು, "ಯಾವುದ್ರಿ?"

ಮುಂಜಾನೆಯಿಂದ ಬೆಂಚಿನಲ್ಲೇ ಕುಳಿತಿದ್ದ ಕರೆವ್ವನ ಅಪ್ಪ ಮುಂದೆ ಬಂದ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಮ್ದ್ರಿ," ಅಂದ. "ಅದು ನಮ್ದು."